ಎರಡು ಇಡ್ಲಿ ಸಾಂಬಾರ್, ಹಜಾರೆ ನೂರು

ಮುಂಬಯಿಯ ಕನ್ನಡಿಗರಲ್ಲಿ ಎಪ್ಪತ್ತೈದು ದಾಟಿದ ಯಾರನ್ನೇ ಕೇಳಿ, ಬ್ರೆಬೋರ್ನ್ ಸ್ಟೇಡಿಯಮ್ಮಿನ ಹಳೆಯ ಟೆಸ್ಟ್ ಪಂದ್ಯಗಳ ಬಗ್ಗೆ ಅವರು ಹೇಳುವ ಮೊದಲ ಮಾತು "ನಾನು ನೋಡಿದ್ದೆ" ಎಂದೇ ಇರುತ್ತದೆ. ಎಲ್ಲಿ ಕೂತು ನೋಡಿದಿರಿ, ಟಿಕೆಟ್ಟಿಗೆ ಎಷ್ಟಿತ್ತು ಎಂದು ಸ್ವಲ್ಪ ಒಳಗೆ ಹೋದರೆ, "ಹಾಗಲ್ಲ ಮಾರಾಯ, ರೇಡಿಯೋದಲ್ಲಿ" ಎನ್ನುತ್ತಾರೆ. ಯಾರ ರೇಡಿಯೋ ಎಂದು ಕೇಳಿದರೆ ಕಥೆ ಇನ್ನೂ ಕೆಳಗಿಳಿಯುತ್ತದೆ. ಸೇಠನ ರೇಡಿಯೋ, ಎದುರಿನ ಇರಾನಿಯ ರೇಡಿಯೋ, ಮೂರನೇ ಮಾಳಿಗೆಯ ಗುಜರಾತಿಯ ರೇಡಿಯೋ. ಕೆಲವರ ವಿಷಯದಲ್ಲಿ ಅದೂ ಇಲ್ಲ: ರೇಡಿಯೋ ಕೇಳಿದವನೊಬ್ಬ ಬಂದು ಹೇಳಿದ್ದು. ಮೂರು ಕೈ ದಾಟಿ ಬಂದ ಸುದ್ದಿ ಐವತ್ತು ವರ್ಷಗಳ ನಂತರ "ನೋಡಿದ್ದೆ" ಆಗಿ ಕೂತಿದೆ. ಇವರು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಆದರೆ ನಾವೀಗ ರೇಡಿಯೋ ಕಾಮೆಂಟರಿಯ ಕಾಲ ಎಂದು ಹಂಬಲಿಸುವುದು ಯಾವುದಕ್ಕೆ ಎಂದು ತಿಳಿಯಬೇಕಾದರೆ ಈ ಮೂರು ಕೈಗಳ ಲೆಕ್ಕ ತೆಗೆಯಬೇಕಾಗುತ್ತದೆ.

ಮುಂಬಯಿಯಲ್ಲಿ ರೇಡಿಯೋ ಶುರುವಾದದ್ದು 1927ರ ಜುಲೈ 23ರಂದು. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಎಂಬ ಖಾಸಗಿ ಸಂಸ್ಥೆಯ ಕೇಂದ್ರವನ್ನು ವೈಸ್‌ರಾಯ್ ಇರ್ವಿನ್ ಉದ್ಘಾಟಿಸಿದರು. ಮೂರೇ ವರ್ಷದಲ್ಲಿ ಕಂಪನಿ ಮುಳುಗಿತು, ಸರಕಾರ ವಹಿಸಿಕೊಂಡಿತು, 1936ರಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂತು. (ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಕೇಂದ್ರ ನಡೆಸಿ ಅದನ್ನು 'ಆಕಾಶವಾಣಿ' ಎಂದು ಕರೆದದ್ದು 1935ರಲ್ಲಿ. ಆ ಹೆಸರು ಮುಂದೆ ದೇಶಕ್ಕೇ ಆಯಿತು. ಕನ್ನಡಿಗರಾದ ನಾವು ಸಂದರ್ಭ ಸಿಕ್ಕಾಗಲೆಲ್ಲ ಇದನ್ನು ಹೇಳುವುದುಂಟು, ನಾನೂ ಹೇಳಿದೆ.) ಕ್ರಿಕೆಟ್ ವೀಕ್ಷಕ ವಿವರಣೆ ಈ ದೇಶದಲ್ಲಿ ಹುಟ್ಟಿದ್ದು ಮುಂಬಯಿಯಲ್ಲೇ. 1934ರ ಕ್ವಾಡ್ರಾಂಗ್ಯುಲರ್ ಪಂದ್ಯಾವಳಿಯಲ್ಲಿ ಪಾರ್ಸಿಗಳಿಗೂ ಮುಸ್ಲಿಮರಿಗೂ ನಡೆದ ಪಂದ್ಯಕ್ಕೆ ಎ. ಎಫ್. ಎಸ್. ತಲ್ಯಾರ್‌ಖಾನ್, ಎಲ್ಲರ ಬಾಯಲ್ಲಿ ಬಾಬಿ, ಮೈಕಿನ ಮುಂದೆ ಕೂತರು. ಬೆಳಿಗ್ಗೆಯಿಂದ ಸಂಜೆಯವರೆಗೆ, ಊಟ ಚಹಾದ ಬಿಡುವು ಬಿಟ್ಟರೆ, ಒಬ್ಬರೇ ಮಾತಾಡುತ್ತಿದ್ದರು. ಮೈಕನ್ನು ಇನ್ನೊಬ್ಬರ ಜತೆ ಹಂಚಿಕೊಳ್ಳುವುದು ಅವರಿಗೆ ಒಗ್ಗುತ್ತಿರಲಿಲ್ಲ.

ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ಎಂದು ತಂಡ ಕಟ್ಟಿ ಆಡುತ್ತಿದ್ದ ಆಟ ಅದು. ಆಮೇಲೆ 'ಇತರರು' ಎಂಬ ಐದನೆಯ ತಂಡವೂ ಸೇರಿ ಪೆಂಟಾಂಗ್ಯುಲರ್ ಆಯಿತು, 1946ರ ನಂತರ ನಿಂತೇ ಹೋಯಿತು. ಮೈದಾನಗಳೂ ಹಾಗೆಯೇ ಹಂಚಿಹೋಗಿದ್ದವು. ಮರೀನ್ ಡ್ರೈವಿನುದ್ದಕ್ಕೂ ಇವತ್ತಿಗೂ ಸಾಲಾಗಿ ನಿಂತಿರುವ ಪಾರ್ಸಿ, ಇಸ್ಲಾಂ, ಹಿಂದೂ ಜಿಮ್ಖಾನಾಗಳನ್ನು ನೋಡಿದರೆ ಗೊತ್ತಾಗುತ್ತದೆ. 1937ರಲ್ಲಿ ಚರ್ಚ್‌ಗೇಟಿನಲ್ಲಿ ಎದ್ದ ಬ್ರೆಬೋರ್ನ್ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಸ್ವತ್ತು. ಅಲ್ಲಿನ ಒಳ್ಳೆಯ ಕುರ್ಚಿಗಳು ಸದಸ್ಯರಿಗೆ. ಅಲ್ಲಿಂದ ಕಾಲ್ನಡಿಗೆಯ ದೂರದ ಫೋರ್ಟಿನಲ್ಲಿ ತಟ್ಟೆ ಲೋಟ ತೊಳೆಯುತ್ತಿದ್ದ ನಮ್ಮ ಹುಡುಗರಿಗೆ ಆ ಗೋಡೆಯೊಳಗೆ ಜಾಗ ಎಲ್ಲಿಂದ ಬರಬೇಕು?

ರೇಡಿಯೋಗೂ ಗೋಡೆ ಇತ್ತು. ಈಗಿನವರಿಗೆ ನಂಬಲು ಕಷ್ಟ, ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಪೋಸ್ಟ್ ಆಫೀಸಿಗೆ ಹೋಗಿ ವರ್ಷಕ್ಕೊಮ್ಮೆ ಹಣ ಕಟ್ಟಿ, ಪುಟ್ಟ ಪುಸ್ತಕದಲ್ಲಿ ಸ್ಟಾಂಪು ಅಂಟಿಸಿಕೊಂಡು ಬರಬೇಕು. ಮನೆಯ ರೇಡಿಯೋಗೆ ಬಹುಕಾಲ ವರ್ಷಕ್ಕೆ 15 ರೂಪಾಯಿ. ಗಿರಾಕಿಗಳಿಗೆ ಕೇಳಿಸುವ ಹೋಟೆಲುಗಳಿಗೆ ಬೇರೆ ಲೈಸೆನ್ಸ್, ಹೆಚ್ಚಿನ ದರ. 1980ರ ದಶಕದಲ್ಲಷ್ಟೇ ಈ ಪದ್ಧತಿ ಹೋಯಿತು. ಕವಾಟುಗಳ ದೊಡ್ಡ ರೇಡಿಯೋದ ಬೆಲೆಯಂತೂ ಹೋಟೆಲ್ ಮಾಣಿಯ ಎಷ್ಟೋ ತಿಂಗಳ ಸಂಬಳವನ್ನು ಮೀರುತ್ತಿತ್ತು. ಮರ್ಫಿ ಕಂಪನಿಯ ಕಾರ್ಖಾನೆ ಇಲ್ಲೇ ಠಾಣೆಯಲ್ಲಿತ್ತು. ಬೆರಳು ತುಟಿಗಿಟ್ಟುಕೊಂಡ ಮರ್ಫಿ ಮಗುವಿನ ಕ್ಯಾಲೆಂಡರು ನಮ್ಮವರ ಖೋಲಿಗಳ ಗೋಡೆಗೆ ರೇಡಿಯೋಗಿಂತ ಹತ್ತು ಹದಿನೈದು ವರ್ಷ ಮೊದಲೇ ಬಂದಿತ್ತು.

ನನ್ನ ದೊಡ್ಡಪ್ಪ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದದ್ದು ಸ್ವಾತಂತ್ರ್ಯ ಬಂದ ವರ್ಷ, ಹನ್ನೆರಡನೆಯ ವಯಸ್ಸಿನಲ್ಲಿ. ಫೋರ್ಟಿನ ಒಂದು ಹೋಟೆಲಿನಲ್ಲಿ ಕ್ಲೀನರ್ ಹುಡುಗ. 1949ರ ಫೆಬ್ರವರಿಯ ಬ್ರೆಬೋರ್ನ್ ಟೆಸ್ಟನ್ನು ಅವರೂ "ನೋಡಿದ್ದಾರೆ". ವೆಸ್ಟ್ ಇಂಡೀಸ್ ವಿರುದ್ಧದ ಐದನೆಯ ಪಂದ್ಯ. ಭಾರತ ಅಲ್ಲಿಯತನಕ ಒಂದೇ ಒಂದು ಟೆಸ್ಟ್ ಗೆದ್ದಿರಲಿಲ್ಲ. ಗೆಲ್ಲಲು 361 ಬೇಕು. ವಿಜಯ್ ಹಜಾರೆ 122 ಹೊಡೆದರು. ಕೊನೆಗೆ 8 ವಿಕೆಟ್ಟಿಗೆ 355, ಇನ್ನು ಆರು ರನ್ನು, ಓವರಿನಲ್ಲಿ ಇನ್ನೂ ಒಂದು ಚೆಂಡು ಉಳಿದಿದೆ ಎನ್ನುವಾಗ ಅಂಪೈರು ಹೊತ್ತು ಮುಗಿಯಿತೆಂದು ಬೇಲ್ಸ್ ಎತ್ತಿಬಿಟ್ಟರು. ಪಂದ್ಯ ಡ್ರಾ. ಮೊದಲ ಗೆಲುವಿಗೆ ದೇಶ ಮತ್ತೆ ಮೂರು ವರ್ಷ ಕಾಯಬೇಕಾಯಿತು, 1952ರ ಮದರಾಸಿನವರೆಗೆ.

ರೇಡಿಯೋ ಇದ್ದದ್ದು ಗಲ್ಲಾದ ಹಿಂದೆ, ದೇವರ ಪಟದ ಕೆಳಗೆ. ಗಲ್ಲಾದಲ್ಲಿ ಕೂತ ಧಣಿಗೆ ಕೇಳಿಸುತ್ತದೆ, ಮುಂದಿನ ಎರಡು ಮೇಜಿನವರಿಗೆ ಕೇಳಿಸುತ್ತದೆ. ಒಳಗೆ, ಒಲೆಯ ಭೋರಿಡುವ ಸದ್ದು, ರುಬ್ಬುವ ಕಲ್ಲಿನ ಗುಡುಗು, ನಲ್ಲಿಯ ನೀರು. ಅಲ್ಲಿರುವ ಭಟ್ಟರಿಗೂ ಕ್ಲೀನರ್ ಹುಡುಗರಿಗೂ ಏನೂ ಕೇಳಿಸದು. ಒಳಗೂ ಹೊರಗೂ ಓಡಾಡುವವರು ಸಪ್ಲೈಯರುಗಳು ಮಾತ್ರ. ಹಾಗಾಗಿ ಸ್ಕೋರು ಆರ್ಡರಿನ ಬಾಲ ಹಿಡಿದು ಒಳಗೆ ಬರುತ್ತಿತ್ತು. "ಎರಡು ಇಡ್ಲಿ ಸಾಂಬಾರ್, ಒಂದು ಮಸಾಲೆ, ಹಜಾರೆ ನೂರು!" ಭಟ್ಟರು ಸಟ್ಟುಗ ಎತ್ತಿ ಕಾವಲಿಗೆ ಒಂದು ಕುಟ್ಟುತ್ತಿದ್ದರಂತೆ. ಮತ್ತೆ ಮುಂದಿನ ಆರ್ಡರಿನವರೆಗೆ ಏನೂ ಇಲ್ಲ. ಆ ನಡುವಿನ ಹೊತ್ತನ್ನು ತಟ್ಟೆ ತೊಳೆಯುವ ಹುಡುಗರು ತಾವೇ ಆಡಿ ತುಂಬಿಕೊಳ್ಳುತ್ತಿದ್ದರು. ನೀರಿನ ತೊಟ್ಟಿಯ ಬಳಿ ಒಬ್ಬ ಹಜಾರೆ, ಒಬ್ಬ ಪ್ರಯರ್ ಜೋನ್ಸ್. ಸಪ್ಲೈಯರ್ ಬಂದು ನಿಜವಾದ ಸುದ್ದಿ ಕೂಗಿದಾಗ ತೊಟ್ಟಿಯ ಪಂದ್ಯವನ್ನು ಸರಿಪಡಿಸಿಕೊಳ್ಳಬೇಕು. ಅವತ್ತು ಆರು ರನ್ನಿನ ಸುದ್ದಿ ಒಳಗೆ ಬಂದದ್ದು ಹೇಗೆ ಎಂದು ಕೇಳಿದ್ದೆ. "ಯಾರೂ ಹೇಳಲಿಲ್ಲ" ಎಂದರು ದೊಡ್ಡಪ್ಪ. "ಸಪ್ಲೈಯರು ಬಂದು ಬರೀ ಆರ್ಡರ್ ಹೇಳಿದ. ಅದರಲ್ಲೇ ಗೊತ್ತಾಯಿತು."

ಇದನ್ನು ಬಡತನದ ಪರದಾಟ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಆದರೆ ಜಗತ್ತಿನ ಬೇರೆ ಕಡೆ ರೇಡಿಯೋ ಕೇಂದ್ರಗಳೇ ಇದನ್ನು ಕಸುಬಾಗಿ ಮಾಡಿಕೊಂಡಿದ್ದವು. ಅಮೆರಿಕದಲ್ಲಿ ಬೇಸ್‌ಬಾಲ್ ಪಂದ್ಯವೊಂದು ಮೊದಲ ಸಲ ರೇಡಿಯೋದಲ್ಲಿ ಬಂದದ್ದು 1921ರ ಆಗಸ್ಟಿನಲ್ಲಿ, ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರದಿಂದ. ಆದರೆ ದೂರದ ಊರಿನ ಆಟಕ್ಕೆ ತಂತಿ ಎಳೆಸುವುದು ದುಬಾರಿಯಾದ್ದರಿಂದ ಎಷ್ಟೋ ಕೇಂದ್ರಗಳು ಟೆಲಿಗ್ರಾಫಿನಲ್ಲಿ ಬರುವ ತುಣುಕು ಸುದ್ದಿ ಇಟ್ಟುಕೊಂಡು ಸ್ಟುಡಿಯೋದಲ್ಲೇ ಆಟ ಕಟ್ಟುತ್ತಿದ್ದವು. ಮುಂದೆ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಮೂವತ್ತರ ದಶಕದಲ್ಲಿ ಅಯೋವಾದ ಡೆ ಮೊಯ್ನ್ ಊರಿನಲ್ಲಿ ಕೂತು ಶಿಕಾಗೋ ಕಬ್ಸ್ ತಂಡದ ಆಟವನ್ನು ಹೀಗೆ ಹೇಳುತ್ತಿದ್ದವರು. ಒಮ್ಮೆ ತಂತಿ ಸತ್ತುಹೋಗಿ, ಬ್ಯಾಟುಗಾರನಿಂದ ಲೆಕ್ಕಕ್ಕೆ ಬಾರದ ಹೊಡೆತಗಳನ್ನು ನಿಮಿಷಗಟ್ಟಲೆ ಹೊಡೆಸುತ್ತಲೇ ಇದ್ದೆ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. 1938ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಆಶಸ್ ಸರಣಿಯನ್ನು ಆಸ್ಟ್ರೇಲಿಯಾದ ರೇಡಿಯೋ ಇದೇ ರೀತಿ ಪ್ರಸಾರ ಮಾಡಿತು. ಪ್ರತಿ ಓವರಿನ ತಂತಿ ಸಿಡ್ನಿಗೆ ಬರುತ್ತಿತ್ತು, ವಿವರಣೆಗಾರರು ಪೆನ್ಸಿಲ್ಲಿನಿಂದ ಮರದ ತುಂಡಿಗೆ ಟಕ್ಕೆಂದು ಬಡಿದು ಬ್ಯಾಟಿನ ಸದ್ದು ಮಾಡುತ್ತಿದ್ದರು. ದೊಡ್ಡಪ್ಪನ ತೊಟ್ಟಿಯ ಪಕ್ಕದ ಪಂದ್ಯಕ್ಕೂ ಇದಕ್ಕೂ ನನಗೆ ಬಹಳ ವ್ಯತ್ಯಾಸ ಕಾಣುವುದಿಲ್ಲ. ಅವರಿಗೆ ಸಂಬಳ ಇತ್ತು ಅಷ್ಟೇ.

ಇನ್ನು ಭಾಷೆ. ಕಾಮೆಂಟರಿ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯೂ ಸೇರಿತು. ಮರಾಠಿಯಲ್ಲಿ ಬಾಳ ಪಂಡಿತ್ ಹೇಳುತ್ತಿದ್ದರು. ಊರಿನಿಂದ ತುಳುವನ್ನೋ ಕುಂದಗನ್ನಡವನ್ನೋ ಮಾತ್ರ ತಂದ ಹುಡುಗನಿಗೆ ಮೂರೂ ಪರಭಾಷೆಯೇ. ಹಗಲು ಹೋಟೆಲು, ರಾತ್ರಿ ಕನ್ನಡದ ರಾತ್ರಿಶಾಲೆ ಎಂದು ಓದಿದ ಆ ತಲೆಮಾರಿನ ಅನೇಕರು ತಮ್ಮ ಇಂಗ್ಲಿಷಿನ ಮೊದಲ ಪಾಠ ಕಾಮೆಂಟರಿಯದ್ದೇ ಎನ್ನುತ್ತಾರೆ. ನನ್ನ ಸೋದರಮಾವ 'ಸಿಲ್ಲಿ' ಎಂದರೆ ಹತ್ತಿರ ಎಂದು ಬಹುಕಾಲ ತಿಳಿದಿದ್ದರು. ಸಿಲ್ಲಿ ಮಿಡ್ ಆನ್, ಸಿಲ್ಲಿ ಪಾಯಿಂಟ್ ಎಲ್ಲ ಬ್ಯಾಟುಗಾರನ ಹತ್ತಿರ ತಾನೇ? ಮುಂದೆ ಬ್ಯಾಂಕಿನಲ್ಲಿ ಅಧಿಕಾರಿಯೊಬ್ಬರು ಅವರ ಕಾಗದವನ್ನು 'ಸಿಲ್ಲಿ' ಎಂದಾಗ ಅವರಿಗೆ ಕೋಪವೇ ಬರಲಿಲ್ಲ. ಇನ್ನೊಂದು ಸಂಗತಿ 1960ರ ಜನವರಿಯದ್ದು. ಆಸ್ಟ್ರೇಲಿಯಾ ವಿರುದ್ಧ ಬ್ರೆಬೋರ್ನಿನಲ್ಲಿ ಅಬ್ಬಾಸ್ ಅಲಿ ಬೇಗ್ ಅರ್ಧಶತಕ ಬಾರಿಸಿ ಚಹಾಕ್ಕೆ ಹೊರಟಾಗ ಹುಡುಗಿಯೊಬ್ಬಳು ಮೈದಾನಕ್ಕೆ ಓಡಿಬಂದು ಮುತ್ತಿಟ್ಟಳು. ಮೈಕಿನಲ್ಲಿದ್ದ ವಿಜಯ್ ಮರ್ಚೆಂಟ್, ನಾನು ನೂರು ಇನ್ನೂರು ಹೊಡೆಯುತ್ತಿದ್ದಾಗ ಇಂಥವರೆಲ್ಲ ಎಲ್ಲಿದ್ದರೋ ಎಂಬರ್ಥದ ಮಾತಾಡಿದ್ದು ಪ್ರಸಿದ್ಧ. ಗಲ್ಲಾದ ಬಳಿ ನಗುವೋ ನಗು. ಒಳಗಿನವರು ಏನಾಯಿತು ಎಂದು ಕೇಳಿದರೆ ಸಪ್ಲೈಯರು, "ಏನಿಲ್ಲ, ಬೇಗ್ ಐವತ್ತು" ಎಂದಷ್ಟೇ ಹೇಳಿ ಹೋದನಂತೆ. ಎಲ್ಲ ಪ್ರಸಾರಕ್ಕೂ ಒಂದು ಸೆನ್ಸಾರು ಇರುತ್ತದೆ.

ಅರವತ್ತರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂತು. ರೇಡಿಯೋ ಗಲ್ಲಾದಿಂದ ಇಳಿದು ಹೆಗಲಿಗೆ ಬಂತು, ಲೋಕಲ್ ಟ್ರೇನ್ ಹತ್ತಿತು, ಶಿವಾಜಿ ಪಾರ್ಕಿನ ಕಟ್ಟೆಯ ಮೇಲೆ ಕೂತಿತು. ಡಬ್ಬಿಗೆ ಒಂದೇ ಟ್ರಾನ್ಸಿಸ್ಟರ್ ಇದ್ದರೂ ಸಾಕು, ದಾದರಿನಲ್ಲಿ ಹತ್ತಿದವನು ಬಾಗಿಲಲ್ಲೇ ನಿಂತು "ಸ್ಕೋರ್ ಕ್ಯಾ ಹುವಾ?" ಎಂದರೆ ಒಳಗಿನಿಂದ ಯಾರೋ ಮುಖ ನೋಡದೆ ಉತ್ತರ ಕೊಡುತ್ತಿದ್ದರು. ಆ ಪ್ರಶ್ನೆಗೆ ನೀನು ಯಾರು, ಎಲ್ಲಿಂದ ಬಂದವನು ಎಂಬ ಮರುಪ್ರಶ್ನೆ ಇರಲಿಲ್ಲ. ಕೆಲಸ ಕೇಳಿದರೆ, ಖೋಲಿ ಕೇಳಿದರೆ, ರೇಷನ್ ಕಾರ್ಡು ಕೇಳಿದರೆ ಆ ಮರುಪ್ರಶ್ನೆ ಬಂದೇ ಬರುತ್ತಿತ್ತು.

ನಮ್ಮವರಿಗೆ ಆ ದಶಕದಲ್ಲಿ ಸಿಕ್ಕ ಇನ್ನೊಂದು ಉಡುಗೊರೆ ಚಂದ್ರಶೇಖರ್. ಪೋಲಿಯೋದಿಂದ ಸೊರಗಿದ ಬಲಗೈಯಲ್ಲೇ ಸ್ಪಿನ್ ಮಾಡುತ್ತಿದ್ದ ಮೈಸೂರಿನ ಈ ಹುಡುಗ ಟೆಸ್ಟ್ ಆಡಲು ಶುರುಮಾಡಿದ್ದು 1964ರ ಜನವರಿಯಲ್ಲಿ, ಬ್ರೆಬೋರ್ನಿನಲ್ಲೇ, ಇಂಗ್ಲೆಂಡಿನ ವಿರುದ್ಧ. ಅದೇ ವರ್ಷ ವಿಜಯದಶಮಿಯ ದಿನ ಭಾರತ ಅಲ್ಲಿ ಆಸ್ಟ್ರೇಲಿಯಾವನ್ನು 2 ವಿಕೆಟ್ಟುಗಳಿಂದ ಸೋಲಿಸಿದಾಗಲೂ ಆತ ತಂಡದಲ್ಲಿದ್ದರು. ಮೈಕಿನಲ್ಲಿ ಇಂಗ್ಲಿಷಿನವರು ಆ ಉದ್ದ ಹೆಸರನ್ನು ನುಂಗಿ 'ಚಂದ್ರ' ಮಾಡಿದ್ದು ನಮ್ಮವರಿಗೆ ಒಳ್ಳೆಯದೇ ಆಯಿತು. ಅದು ಮನೆಯ ಹುಡುಗನನ್ನು ಕರೆದ ಹಾಗಿತ್ತು.

1971ರ ಆಗಸ್ಟ್ 23, ಸೋಮವಾರ. ಮಾರನೇ ದಿನ ಚೌತಿ. ಲಂಡನ್ನಿನ ಓವಲ್‌ನಲ್ಲಿ ಇಂಗ್ಲೆಂಡ್ ಎರಡನೆಯ ಇನ್ನಿಂಗ್ಸ್ ಆಡುತ್ತಿದೆ. ಅಲ್ಲಿ ಮಧ್ಯಾಹ್ನವಾದರೆ ಇಲ್ಲಿ ದೀಪ ಹಚ್ಚುವ ಹೊತ್ತು, ಅಂದರೆ ರಾತ್ರಿಶಾಲೆಯ ಹೊತ್ತು. ಫೋರ್ಟಿನ ಒಂದು ರಾತ್ರಿಶಾಲೆಯಲ್ಲಿ ಸೋದರಮಾವ ಆಗ ಮೆಟ್ರಿಕ್ ತರಗತಿ. ಬಿಬಿಸಿಯ ಕಿರುತರಂಗ ಎದುರಿನ ಇರಾನಿ ಹೋಟೆಲಿನಲ್ಲಿ ಕರಕರ ಎನ್ನುತ್ತಿತ್ತು. ಲೆಕ್ಕದ ಮಾಸ್ತರರು ಕಾಲುಗಂಟೆಗೊಬ್ಬನಂತೆ ಹುಡುಗರನ್ನು ಚಹಾ ತರಲು ಕಳಿಸಿದರು. ಆ ರಾತ್ರಿ ಅವರು ಆರೇಳು ಚಹಾ ಕುಡಿದರು ಎನ್ನುತ್ತಾರೆ ಮಾವ. ಚಂದ್ರ 38 ರನ್ನಿಗೆ 6 ವಿಕೆಟ್, ಇಂಗ್ಲೆಂಡ್ 101ಕ್ಕೆ ಆಲೌಟ್. ನಾಟ್ ಎಂಬ ಅಪಾಯದ ಆಟಗಾರನನ್ನು ನೆಲಮಟ್ಟದಲ್ಲಿ ಜಿಗಿದು ಹಿಡಿದವರು ಏಕನಾಥ ಸೋಲ್ಕರ್. ಹಿಂದೂ ಜಿಮ್ಖಾನಾದ ಮೈದಾನ ನೋಡಿಕೊಳ್ಳುತ್ತಿದ್ದ ಮಾಲಿಯ ಮಗ. ಆ ಕ್ಯಾಚು ಶಾರ್ಟ್ ಲೆಗ್ಗಿನಲ್ಲಿ ಎಂಬುದಕ್ಕಿಂತ, ಅದನ್ನು ಹಿಡಿದವನು ಯಾರ ಮಗ ಎಂಬುದು ರಾತ್ರಿಶಾಲೆಯ ಬೆಂಚುಗಳಿಗೆ ಮುಖ್ಯವಾಗಿತ್ತು. ಮಂಗಳವಾರ, ಚೌತಿಯ ಸಂಜೆ, ಮನೆಮನೆಗಳಲ್ಲಿ ಆರತಿಯ ಹೊತ್ತಿಗೆ ಭಾರತ ಇಂಗ್ಲೆಂಡಿನ ನೆಲದಲ್ಲಿ ಮೊದಲ ಟೆಸ್ಟ್ ಗೆದ್ದಿತು. ನಾಯಕ ಅಜಿತ್ ವಾಡೇಕರ್ ಮುಂಬಯಿಯವರು. ಚಂದ್ರ ನಮ್ಮವರು. ನಮ್ಮ ಚಾಳಿನಲ್ಲಿ ಮೋದಕವೂ ಕಡುಬೂ ಒಂದೇ ತಟ್ಟೆಯಲ್ಲಿ ಮನೆಯಿಂದ ಮನೆಗೆ ಹೋಯಿತು. ನನಗಾಗ ಏಳು ವರ್ಷ, ನೆನಪಿರುವುದು ಕಡುಬು.

ಅದು ಸುಲಭದ ದಿನ. ಸುಲಭವಲ್ಲದ ದಿನಗಳೂ ಇದ್ದವು. 1966ರಲ್ಲಿ ಹುಟ್ಟಿದ ಶಿವಸೇನೆಯ ಮೊದಲ ಸಿಟ್ಟು ದಕ್ಷಿಣದವರ ಮೇಲೆಯೇ ಇತ್ತು. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿ ವಿವಾದದ ಹೆಸರಿನಲ್ಲಿ ಮುಂಬಯಿ ದಿನಗಟ್ಟಲೆ ಹೊತ್ತಿ ಉರಿಯಿತು. ಉಡುಪಿ ಹೋಟೆಲುಗಳ ಷಟರು ಇಳಿದವು. ಅದಾದ ಮೇಲೆ ಎಷ್ಟೋ ಕಾಲ ಅಪ್ಪ ಟ್ರೇನಿನಲ್ಲಿ ನಮ್ಮೊಡನೆ ಕನ್ನಡದಲ್ಲಿ ಮಾತಾಡುವಾಗ ದನಿ ತಗ್ಗಿಸುತ್ತಿದ್ದರು. ಈ ಹಿನ್ನೆಲೆ ಇಟ್ಟುಕೊಂಡು 1974ರ ಮಾರ್ಚನ್ನು ನೋಡಬೇಕು. ಮುಂಬಯಿ ತಂಡ 1958-59ರಿಂದ 1972-73ರವರೆಗೆ ಸತತ 15 ವರ್ಷ ರಣಜಿ ಟ್ರೋಫಿ ಗೆದ್ದು ಕೂತಿತ್ತು. ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಬದಲಿಸಿಕೊಂಡು ಆಗಷ್ಟೇ ನಾಲ್ಕು ತಿಂಗಳು. ಬೆಂಗಳೂರಿನಲ್ಲಿ ಸೆಮಿಫೈನಲ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಆಮೇಲೆ ಪ್ರಸನ್ನ ಗವಾಸ್ಕರರನ್ನು ಬೌಲ್ಡ್ ಮಾಡಿದರು. ನೆಲೆಯೂರಿ ಆಡುತ್ತಿದ್ದ ವಾಡೇಕರ್ ಓಡುವಾಗ ಜಾರಿ ರನೌಟ್ ಆದರು. ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಕರ್ನಾಟಕ ಫೈನಲ್ ತಲುಪಿತು, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿಯನ್ನೂ ತಂದಿತು.

ಸೆಮಿಫೈನಲಿನ ಫಲಿತಾಂಶ ನಮ್ಮ ಮನೆಗೆ ಬಂದದ್ದು ರೇಡಿಯೋ ವಾರ್ತೆಯಲ್ಲಿ. ಹೊತ್ತಿಗೆ ಮುಂಚೆಯೇ ಅಪ್ಪ ಎದ್ದು ಬಾಗಿಲು ಹಾಕಿದರು. ಚಾಳಿನಲ್ಲಿ ರಾತ್ರಿ ಮಲಗುವತನಕ ಯಾರೂ ಬಾಗಿಲು ಹಾಕುವುದಿಲ್ಲ, ಹಾಕಿದರೆ ಮನೆಯಲ್ಲಿ ಜಗಳವೆಂದೇ ಅರ್ಥ. ವಾಲ್ಯೂಮ್ ಇಳಿಸಿ, ಕಿವಿ ಹಚ್ಚಿ ಕೇಳಿದರು. ಮುಗಿದ ಮೇಲೆ ಅಮ್ಮನ ಕಡೆ ತಿರುಗಿ ಮೆಲ್ಲಗೆ, "ಗೆದ್ದೆವು" ಎಂದರು. ಯಾರು ಗೆದ್ದದ್ದು ಎಂದು ಅಣ್ಣ ಕೇಳಿದ. ಅವನಿಗೆ ನಿಜಕ್ಕೂ ಗೊಂದಲ. ಅವನು ಹುಟ್ಟಿದ್ದು ಪರೇಲಿನ ಆಸ್ಪತ್ರೆಯಲ್ಲಿ, ಓದುತ್ತಿದ್ದದ್ದು ಮರಾಠಿ ಹುಡುಗರ ಜತೆ, ಅವನ ದೇವರು ಗವಾಸ್ಕರ್. ಅವನ ಪ್ರಕಾರ ನಾವು ಸೋತಿದ್ದೆವು. ಅಪ್ಪ ಉತ್ತರ ಕೊಡಲಿಲ್ಲ. ಎದ್ದು ಹೋಗಿ ಬಾಗಿಲು ತೆಗೆದರು. ಎದುರುಮನೆಯ ಗಿರಣಿ ಕೆಲಸದ ಕಾಕಾ ಕಟಕಟೆಗೆ ಒರಗಿ ನಿಂತಿದ್ದರು. ಅವರ ರೇಡಿಯೋದಲ್ಲೂ ಅದೇ ವಾರ್ತೆ ಬಂದಿರುತ್ತದೆ ಎಂಬುದು ಅಪ್ಪನಿಗೆ ಹೊಳೆದದ್ದು ಆಗಲೇ ಇರಬೇಕು. "ತುಮ್ಚಾ ವಿಶಿ ಛಾನ್ ಖೇಳ್ಲಾ" ಎಂದರು ಕಾಕಾ, ನಿಮ್ಮ ವಿಶಿ ಚೆನ್ನಾಗಿ ಆಡಿದ ಎಂದು. ಸ್ವಲ್ಪ ತಡೆದು, ವಾಡೇಕರ್ ಜಾರದಿದ್ದರೆ ನೋಡಬೇಕಿತ್ತು ಎಂದೂ ಸೇರಿಸಿದರು. ಅಪ್ಪ ಹೌದು ಹೌದು ಎಂದರು. ಆ 'ತುಮ್ಚಾ' ಎಂಬ ಮಾತು ಅಪ್ಪನಿಗೆ ಹಿತವಾಯಿತೋ ಚುಚ್ಚಿತೋ ನಾನು ಈಗಲೂ ಯೋಚಿಸುತ್ತೇನೆ. ಅವರು ಮುಂಬಯಿಗೆ ಬಂದು ಆಗ ಇಪ್ಪತ್ತು ವರ್ಷ.

(ಈ ಜಗಳವನ್ನು ವಿಶ್ವನಾಥರೇ ಗವಾಸ್ಕರರ ತಂಗಿ ಕವಿತಾ ಅವರನ್ನು ಮದುವೆಯಾಗಿ ಒಂದು ಬಗೆಯಲ್ಲಿ ಬಗೆಹರಿಸಿದರು. ನಮ್ಮ ಅಣ್ಣನಿಗೆ ಅವತ್ತು ನಿರಾಳವಾಯಿತು.)

ಆಮೇಲಿನದ್ದು ಎಲ್ಲರಿಗೂ ಗೊತ್ತಿರುವ ಕಥೆ. 1972ರ ಗಾಂಧಿ ಜಯಂತಿಯಂದು ಮುಂಬಯಿ ದೂರದರ್ಶನ ಶುರುವಾಗಿತ್ತು. ಟಿಕೆಟ್ಟುಗಳ ಹಂಚಿಕೆಯ ತಗಾದೆ ಬೆಳೆದು ಬ್ರೆಬೋರ್ನಿನ ಕೂಗಳತೆಯಲ್ಲೇ ವಾಂಖೆಡೆ ಎದ್ದಿತು. 1975ರ ಜನವರಿಯಲ್ಲಿ ಅಲ್ಲಿ ಮೊದಲ ಟೆಸ್ಟ್: ಕ್ಲೈವ್ ಲಾಯ್ಡ್ ಔಟಾಗದೆ 242, ನಮ್ಮ ವಿಶಿ 95. ಟಿವಿ ಬಂದ ಹೊಸತರಲ್ಲಿ ಜನ ಅದರ ದನಿ ಆರಿಸಿ ರೇಡಿಯೋ ಹಚ್ಚಿಕೊಳ್ಳುತ್ತಿದ್ದರು. ಅನಂತ ಸೆಟಲ್ವಾಡ್, ಸುರೇಶ್ ಸರೈಯಾರ ದನಿ ಕೇಳಿ ಪಳಗಿದ ಕಿವಿಗೆ ಟಿವಿಯ ಮೌನ ಸಪ್ಪೆ ಎನಿಸುತ್ತಿತ್ತು. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಹೊಡೆದ 175ಕ್ಕೆ ಟಿವಿ ದಾಖಲೆಯೇ ಇಲ್ಲ. ಇನ್ನೊಂದು ತುದಿಯಲ್ಲಿ ಕೊನೆತನಕ ನಿಂತವರು ಬೆಂಗಳೂರಿನ ಕಿರ್ಮಾನಿ. ಆ ಆಟವನ್ನು "ನೋಡಿದ್ದೆ" ಎನ್ನುವವರನ್ನೂ ನಾನು ಬಲ್ಲೆ. ಅದೇ ವರ್ಷದ ರಣಜಿ ಫೈನಲಿನಲ್ಲಿ ಕರ್ನಾಟಕ ಮತ್ತೆ ಮುಂಬಯಿಯನ್ನು ಸೋಲಿಸಿತು, ಈ ಸಲ ಮುಂಬಯಿಯಲ್ಲೇ. ಅಪ್ಪ ಬಾಗಿಲು ಹಾಕಲಿಲ್ಲ.

ಈಗ ಆಟ ಎಲ್ಲರ ಕೈಯಲ್ಲಿದೆ. ಯಾರನ್ನೂ ಕೇಳಬೇಕಾಗಿಲ್ಲ. ಊರಿನಿಂದ ಹೊಸದಾಗಿ ಬಂದು ಪವಯಿಯಲ್ಲೋ ಐರೋಲಿಯಲ್ಲೋ ಪಿಜಿ ಹಿಡಿದ ಹುಡುಗ ಲೋಕಲ್ಲಿನಲ್ಲಿ ಪಕ್ಕದವನ ಫೋನಿಗೆ ಇಣುಕಿದರೆ ಪಕ್ಕದವನು ಫೋನು ಓರೆ ಮಾಡುತ್ತಾನೆ. ತಪ್ಪೇನಿಲ್ಲ, ಇಣುಕುವವನ ಜೇಬಿನಲ್ಲೂ ಅದೇ ಆಟವಿದೆ. ಎಲ್ಲರೂ ಒಂದೇ ಆಟ ನೋಡುತ್ತಿದ್ದರೂ ಒಂದೇ ಹೊತ್ತಿಗೆ ನೋಡುತ್ತಿಲ್ಲ ಎಂಬುದು ಇದರ ತಮಾಷೆ. ಕೇಬಲ್ಲಿನದ್ದು ಒಂದು ವೇಗ, ಇಂಟರ್‌ನೆಟ್ಟಿನದ್ದು ಇನ್ನೊಂದು, ಒಂದೊಂದು ಫೋನಿನದ್ದು ಒಂದೊಂದು. 2024ರ ಜೂನ್ 29ರ ರಾತ್ರಿ, ಬಾರ್ಬಡೋಸಿನ ವಿಶ್ವಕಪ್ ಫೈನಲ್. ಕೊನೆಯ ಓವರಿನಲ್ಲಿ ಸೂರ್ಯಕುಮಾರ್ ಗೆರೆಯ ಅಂಚಿನಲ್ಲಿ ಹಿಡಿದ ಕ್ಯಾಚಿಗೆ ನಮ್ಮ ಕಟ್ಟಡ ನಾಲ್ಕು ಸಲ ಕೂಗಿತು, ಒಂದೊಂದು ಮಹಡಿ ಒಂದೊಂದು ಸಲ. ಮೂರನೇ ಮಹಡಿಯಲ್ಲಿ ಮಿಲ್ಲರ್ ಆಗಲೇ ಔಟಾಗಿದ್ದ. ನಮ್ಮ ಮನೆಯಲ್ಲಿ ಪಾಂಡ್ಯ ಇನ್ನೂ ಓಟ ಶುರುಮಾಡಿರಲಿಲ್ಲ. ತೊಂಬತ್ತರ ಹತ್ತಿರದ ದೊಡ್ಡಪ್ಪ, ಕಣ್ಣು ಮಂಜಾಗಿ ಟಿವಿ ಕಾಣದೆ ಕೂತಿದ್ದವರು, ಕಿಟಕಿಯ ಕಡೆ ಕಿವಿಯಿಟ್ಟು, "ವಿಕೆಟ್ ಬಿತ್ತು" ಎಂದರು. ನಾವು ಇನ್ನೂ ಪರದೆ ನೋಡುತ್ತಿದ್ದೆವು.